ಓದುಗರ ಪ್ರಶ್ನೆ, ನಮ್ಮ ಉತ್ತರ: ಶಟಲ್ ರೈಲು ಖಾಲಿಯಾದದ್ದು ಹೇಗೆ?

ಪ್ರಶ್ನೆ: ಬಂಗಾರಪೇಟೆ ಮತ್ತು ಕೋಲಾರದ ನಡುವೆ ಶಟಲ್ ಆಗಿ ಓಡಾಡುತ್ತಿದ್ದ, ಒಂದೇ ಬೋಗಿಯ ರೈಲ್‌ಬಸ್ಸಿನಲ್ಲಿ ನಾನು ಹಲವು ಸಲ ಪ್ರಯಾಣ ಮಾಡಿದ್ದೇನೆ. ಕೆಲವು ದಿನ ಗಾಡಿಯಲ್ಲಿ ಹತ್ತು ಜನರೂ ಇರುತ್ತಿರಲಿಲ್ಲ. ಈಗ ಅದು ಬರಿಯ ನೆನಪು. ‘ಜನ ಹತ್ತಲಿಲ್ಲ, ಅದಕ್ಕೇ ನಿಂತಿತು’ ಎಂದು ಎಲ್ಲರೂ ಹೇಳುತ್ತಾರೆ. ತಪ್ಪು ನಮ್ಮದೇ ಎಂದು ಒಪ್ಪಿಕೊಳ್ಳಬೇಕೇ?
— ನಿವೃತ್ತ ಶಿಕ್ಷಕಿ, ಕೋಲಾರ

ಉತ್ತರ: ಜನ ಹತ್ತಲಿಲ್ಲವೆಂಬುದು ನಿಜ. ಏಕೆ ಹತ್ತಲಿಲ್ಲವೆಂದು ತಿಳಿಯಬೇಕಾದರೆ ತಾವು ಬೆಳಗಿನ ಹೊತ್ತು ಬಂಗಾರಪೇಟೆ ಜಂಕ್ಷನ್ನಿನಲ್ಲಿ ಅರ್ಧ ಗಂಟೆ ನಿಂತು ನೋಡಬೇಕು. ಅಲ್ಲಿಂದ ಎರಡು ಕವಲುಗಳು ಹೊರಡುತ್ತವೆ. ಒಂದು ಕೆ.ಜಿ.ಎಫ್. ಕಡೆಗೆ, ಮಾರಿಕುಪ್ಪಂವರೆಗೆ, ಅದು 1894ರಲ್ಲಿ ಚಿನ್ನದ ಗಣಿಗಾಗಿ ಹಾಕಿದ ದಾರಿ. ಇನ್ನೊಂದು ಕೋಲಾರದ ಕಡೆಗೆ, ಸುಮಾರು 18 ಕಿ.ಮೀ. ದೂರ. ಉದ್ದದಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಮಾರಿಕುಪ್ಪಂನಿಂದ ಬರುವ ಗಾಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಸಾವಿರಾರು ಮಂದಿ ಕೆಲಸಕ್ಕಾಗಿ ಪ್ರತಿದಿನ ಬೆಂಗಳೂರಿಗೆ ಹೋಗಿಬರುವಂತಾಯಿತು. ಅವರ ಬದುಕು ಆ ರೈಲಿನ ವೇಳೆಗೆ ಕಟ್ಟುಬಿದ್ದಿದೆ. ಅದು ಬಂಗಾರಪೇಟೆಯಲ್ಲಿ ಜನರನ್ನು ಇಳಿಸಿ ‘ಮುಂದಿನ ಗಾಡಿ ನೋಡಿಕೊಳ್ಳಿ’ ಎನ್ನುವುದಿಲ್ಲ, ನೇರವಾಗಿ ಬೆಂಗಳೂರಿಗೆ ಹೋಗುತ್ತದೆ.

ಕೋಲಾರದ ರೈಲ್‌ಬಸ್ ಮಾಡಿದ್ದು ಇದಕ್ಕೆ ತಿರುವುಮುರುವು. ಬೆಂಗಳೂರಿಗೆ ಹೋಗಬೇಕಾದ ಕೋಲಾರದವರು ಮೊದಲು ದಕ್ಷಿಣದಿಕ್ಕಿಗಿರುವ ಬಂಗಾರಪೇಟೆಗೆ ಹೋಗಿ, ಅಲ್ಲಿ ಇಳಿದು, ಬೇರೆ ಗಾಡಿಗಾಗಿ ಕಾದು, ಮತ್ತೆ ಸುಮಾರು 70 ಕಿ.ಮೀ. ಪಶ್ಚಿಮಕ್ಕೆ ಬರಬೇಕಿತ್ತು. ಹೆದ್ದಾರಿಯಲ್ಲಾದರೋ ಕೋಲಾರದಿಂದ ಬೆಂಗಳೂರಿಗೆ ಸುಮಾರು 70 ಕಿ.ಮೀ. ಮಾತ್ರ, ಬಸ್ಸು ಹತ್ತಿ ಕುಳಿತರೆ ಇಳಿಯುವುದು ಬೆಂಗಳೂರಿನಲ್ಲೇ. ಟಿಕೆಟಿನಲ್ಲಿ ಉಳಿಯುವ ಹತ್ತು ಇಪ್ಪತ್ತು ರೂಪಾಯಿಗಾಗಿ ಯಾರು ತಾನೇ ಈ ಸುತ್ತು ಬಳಸುತ್ತಾರೆ? ಬಂಗಾರಪೇಟೆಯಲ್ಲೇ ಕೆಲಸವಿದ್ದವರು, ಮದರಾಸಿನ ಕಡೆಗೆ ಹೋಗುವವರು ಮತ್ತು ರೈಲೆಂದರೆ ಪ್ರೀತಿಯಿರುವ ತಮ್ಮಂತಹ ಕೆಲವರು, ಇಷ್ಟೇ ಮಂದಿ ಅದಕ್ಕೆ ಉಳಿದರು.

ಈ ದಾರಿ ಹೀಗೆ ಮೊಂಡಾದದ್ದಕ್ಕೆ ಒಂದು ಇತಿಹಾಸವಿದೆ. ಬೌರಿಂಗ್‌ಪೇಟೆ ಎಂದು ಕರೆಯಲಾಗುತ್ತಿದ್ದ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಎರಡೂವರೆ ಅಡಿ ಅಗಲದ ನ್ಯಾರೋಗೇಜ್ ಹಳಿ ಬಂದಿತು. ಆ ದಶಕ ಮುಗಿಯುವುದರೊಳಗೆ ಯಶವಂತಪುರದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳ ಮೇಲೆ ಹಾದುಬಂದ ಪುಟ್ಟ ರೈಲೂ ಕೋಲಾರವನ್ನು ಮುಟ್ಟಿತು. ರಸ್ತೆಯಲ್ಲಿ ಎತ್ತಿನ ಗಾಡಿಗಳೇ ಹೆಚ್ಚಾಗಿದ್ದ ಕಾಲದಲ್ಲಿ ಅದರ ವೇಗ ಯಾರಿಗೂ ಕಡಿಮೆಯೆನಿಸಿರಲಾರದು. ತೊಂಬತ್ತರ ದಶಕದಲ್ಲಿ ಬಂಗಾರಪೇಟೆ–ಕೋಲಾರದ ತುಂಡನ್ನು ಅಗಲ ಹಳಿಯ ಬ್ರಾಡ್‌ಗೇಜಿಗೆ ಬದಲಿಸಲಾಯಿತು. ಆಚೆಯ ಕೋಲಾರ–ಚಿಕ್ಕಬಳ್ಳಾಪುರ ಭಾಗ ಬ್ರಾಡ್‌ಗೇಜ್ ಆಗಿ ತೆರೆದದ್ದು 2013ರ ನವೆಂಬರಿನಲ್ಲಿ. ನಡುವಿನ ಅಷ್ಟೂ ವರ್ಷ ಕೋಲಾರವು ಹಳಿ ಮುಗಿಯುವ ಊರಾಗಿತ್ತು. ಹಳಿ ಮುಗಿಯುವ ಊರಿಗೆ ದೊಡ್ಡ ಗಾಡಿಯನ್ನು ಕಳುಹಿಸಲು ಇಲಾಖೆಗೆ ಮನಸ್ಸಿಲ್ಲ, ದಾರಿಯನ್ನು ಮುಚ್ಚಲು ಧೈರ್ಯವೂ ಇಲ್ಲ, ಹಾಗಾಗಿ ರೈಲ್‌ಬಸ್.

ನಾನೂ ಅದರಲ್ಲಿ ಒಮ್ಮೆ ಕುಳಿತಿದ್ದೆ. ಮಾಮೂಲಿ ಬೋಗಿಯಂತೆ ಎಂಟು ಚಕ್ರಗಳಿಲ್ಲದೆ, ಲಾರಿಯ ಹಾಗೆ ಮುಂದೊಂದು ಹಿಂದೊಂದು ಅಚ್ಚು ಮಾತ್ರ ಇದ್ದುದರಿಂದ ಪ್ರತಿಯೊಂದು ಹಳಿಯ ಜೋಡಣೆಯೂ ನೇರವಾಗಿ ಬೆನ್ನುಮೂಳೆಗೇ ಬಂದು ತಟ್ಟುತ್ತಿತ್ತು. ಎದುರಿನ ಸೀಟಿನ ಹೆಂಗಸು ಹೂವಿನ ಬುಟ್ಟಿಯನ್ನು ಎರಡು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು, ಎರಡೂ ಕೈಗಳಿಂದ ಬಾಯಿ ಮುಚ್ಚಿ ಹಿಡಿದಿದ್ದರು. ‘ಪ್ಯಾಸೆಂಜರ್ ಗಾಡಿಯಾದರೆ ಬಾಗಿಲ ಪಕ್ಕ ಇಟ್ಟು ನೆಮ್ಮದಿಯಾಗಿ ಕೂರ್ತಿದ್ದೆ’ ಎಂದು ಅವರು ಗೊಣಗಿದ್ದು ನೆನಪಿದೆ. ಹಾಲು, ಹೂವು, ತರಕಾರಿ ತೆಗೆದುಕೊಂಡು ಹೋಗುವವರೇ ಇಂತಹ ದಾರಿಗಳ ಖಾಯಂ ಗಿರಾಕಿಗಳು. ಬುಟ್ಟಿಗೆ ಜಾಗವಿಲ್ಲದ ರೈಲು ಅವರಿಗೆ ಇನ್ನೊಂದು ಬಸ್ಸು ಅಷ್ಟೆ, ಅದೂ ವೇಳೆಗೆ ಸರಿಯಾಗಿ ಸಿಗದ ಬಸ್ಸು.

ಮುಖ್ಯ ಮಾರ್ಗದ ಗಾಡಿ ತಡವಾದರೆ ಶಟಲ್ ಅದಕ್ಕಾಗಿ ಕಾಯಬೇಕೇ ಹೊರಡಬೇಕೇ ಎಂಬುದು ಎಲ್ಲ ಜಂಕ್ಷನ್ನುಗಳ ಹಳೆಯ ತಲೆನೋವು. ಕಾದರೆ ಒಳಗೆ ಕುಳಿತವರು ಬೈಯುತ್ತಾರೆ, ಕಾಯದಿದ್ದರೆ ಇಳಿದು ಬಂದವರು ಬೈಯುತ್ತಾರೆ. ಅದರ ಮೇಲೆ ಇರುವುದೊಂದೇ ಗಾಡಿ. ಅದು ಕೆಟ್ಟ ದಿನ ಟಿಕೆಟ್ ಕೌಂಟರಿನ ಗಾಜಿಗೆ ‘ರದ್ದು’ ಎಂಬ ಚೀಟಿ ಅಂಟುತ್ತದೆ. ತಿಂಗಳಿಗೆ ಎರಡು ಸಲ ಆ ಚೀಟಿ ಕಂಡ ನೌಕರ ಮೂರನೆಯ ತಿಂಗಳು ಪಾಸು ಮಾಡಿಸುವುದಿಲ್ಲ. ಆಮೇಲೆ ಗಾಡಿ ದಿನವೂ ತಪ್ಪದೆ ಬಂದರೂ ಅವನು ಬಸ್ ನಿಲ್ದಾಣದಲ್ಲೇ ಇರುತ್ತಾನೆ.

ಆದ್ದರಿಂದ ತಪ್ಪನ್ನು ತಾವು ಹೊತ್ತುಕೊಳ್ಳಬೇಕಾಗಿಲ್ಲ. ಹಾಗೆಂದು ಆ ರೈಲ್‌ಬಸ್ಸಿಗಾಗಿ ನಾನು ಕಣ್ಣೀರು ಹಾಕುವವನೂ ಅಲ್ಲ. 18 ಕಿ.ಮೀ. ಮೊಂಡು ದಾರಿಯಲ್ಲಿ, ಪಕ್ಕದಲ್ಲೇ ಬಸ್ಸುಗಳು ಓಡುತ್ತಿರುವಾಗ, ಅದು ಎಷ್ಟೇ ಚೆನ್ನಾಗಿ ನಡೆದರೂ ತುಂಬುತ್ತಿರಲಿಲ್ಲ. ನೇರ ಗಾಡಿಗಾಗಿ ಕೋಲಾರದವರನ್ನು ಅಷ್ಟು ವರ್ಷ ಕಾಯಿಸಿದ್ದು ಬೇಸರದ ಸಂಗತಿ. ಚಿಕ್ಕಬಳ್ಳಾಪುರದ ದಾರಿ ತೆರೆದ ಮೇಲೂ ರೈಲಿನಲ್ಲಿ ಬೆಂಗಳೂರು ಹತ್ತಿರವಾಗಲಿಲ್ಲ, ಏಕೆಂದರೆ ಅದು ಇನ್ನೂ ದೊಡ್ಡ ಸುತ್ತು.

ಪ್ರಶ್ನೆ: ರೈಲ್‌ಬಸ್, ಡೆಮು, ಮೆಮು ಇವುಗಳಲ್ಲಿ ಏನು ವ್ಯತ್ಯಾಸ?
— ಪಿ.ಯು. ವಿದ್ಯಾರ್ಥಿ, ಚಿಂತಾಮಣಿ

ಉತ್ತರ: ರೈಲ್‌ಬಸ್ ಎಂದರೆ ಹಳಿಯ ಮೇಲೆ ಓಡುವ ಒಂಟಿ ಡೀಸೆಲ್ ಬಸ್ಸು ಎಂದುಕೊಳ್ಳಿ. ಎಂಜಿನ್, ಚಾಲಕ, ಪ್ರಯಾಣಿಕರು ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. ಜನ ಕಡಿಮೆಯಿರುವ ಶಾಖಾ ಮಾರ್ಗಗಳಲ್ಲಿ ದೊಡ್ಡ ಎಂಜಿನ್ನಿಗೆ ನಾಲ್ಕು ಬೋಗಿ ಕಟ್ಟಿ ಎಳೆಯುವ ಖರ್ಚನ್ನು ತಪ್ಪಿಸಲು ತೊಂಬತ್ತರ ದಶಕದಲ್ಲಿ ಇದನ್ನು ತಂದರು. ತಯಾರಿಸಿದ್ದು ನಮ್ಮ ಬೆಂಗಳೂರಿನ ಬಿ.ಇ.ಎಂ.ಎಲ್. ಎಂಬುದು ಇಲ್ಲಿ ನೆನೆಯತಕ್ಕ ಮಾತು. ಉತ್ತರ ಪ್ರದೇಶದ ಮಥುರಾ–ವೃಂದಾವನ ಮತ್ತು ರಾಜಸ್ಥಾನದ ಮೇರ್ತಾ ರೋಡ್–ಮೇರ್ತಾ ಸಿಟಿ ದಾರಿಗಳಲ್ಲೂ ಇಂಥವು ಓಡಿದವು. ಡೆಮು ಎನ್ನುವುದು ತುದಿಯ ಬೋಗಿಯಲ್ಲೇ ಡೀಸೆಲ್ ಎಂಜಿನ್ ಅಡಗಿರುವ ಪೂರ್ಣ ಪ್ರಮಾಣದ ರೈಲು. ಮೆಮು ಹಾಗೆಯೇ, ಆದರೆ ಮೇಲಿನ ವಿದ್ಯುತ್ ತಂತಿಯಿಂದ ಓಡುತ್ತದೆ. ಎರಡಕ್ಕೂ ಎರಡು ಕಡೆ ಚಾಲಕನ ಕೋಣೆ ಇರುವುದರಿಂದ ಕೊನೆಯ ನಿಲ್ದಾಣದಲ್ಲಿ ಎಂಜಿನ್ ಬಿಚ್ಚಿ ಆಚೆ ತುದಿಗೆ ಕಟ್ಟುವ ಕೆಲಸವಿಲ್ಲ. ಶಟಲ್ ಓಡಿಸಲು ಇವೇ ಸರಿಯಾದ ಗಾಡಿಗಳು.

ಪ್ರಶ್ನೆ: ನಮ್ಮ ತಾಳಗುಪ್ಪದ ದಾರಿಯಲ್ಲೂ ಮೀಟರ್‌ಗೇಜ್ (ಒಂದು ಮೀಟರ್ ಅಗಲದ ಹಳಿ) ಕಾಲದಲ್ಲಿ ರೈಲ್‌ಬಸ್ ಇತ್ತು. ಆಗ ‘ಈ ದಾರಿ ದಂಡ, ಮುಚ್ಚಿಬಿಡುತ್ತಾರೆ’ ಎಂದು ಮಾತಾಡಿಕೊಳ್ಳುತ್ತಿದ್ದರು. ಈಗ ರಾತ್ರಿ ರೈಲಿಗೆ ಬರ್ತ್ ಸಿಗುವುದಿಲ್ಲ. ಇದೆಂತಹ ವಿಚಿತ್ರ?
— ಅಡಿಕೆ ಬೆಳೆಗಾರರು, ಸಾಗರ ತಾಲ್ಲೂಕು

ಉತ್ತರ: ವಿಚಿತ್ರವೇನೂ ಇಲ್ಲ. ತಮ್ಮ ದಾರಿ ಕೋಲಾರದ ಪ್ರಶ್ನೆಗೆ ಸಿಕ್ಕಿರುವ ಅತ್ಯುತ್ತಮ ಉತ್ತರ. ಶಿವಮೊಗ್ಗದಿಂದ ಕುಂಸಿ, ಅರಸಾಳು, ಆನಂದಪುರ, ಸಾಗರಗಳ ಮೇಲೆ ಸುಮಾರು 97 ಕಿ.ಮೀ. ಸಾಗುವ ಈ ಹಳಿ 1940ರ ವೇಳೆಗೆ ತಾಳಗುಪ್ಪ ತಲುಪಿತ್ತು. ಜೋಗದ ಜಲಪಾತ ಅಲ್ಲಿಂದ ಹದಿನೈದು ಹದಿನಾರು ಕಿ.ಮೀ. ದೂರದಲ್ಲಿದ್ದರೂ ಮೀಟರ್‌ಗೇಜಿನ ಕೊನೆಗಾಲದಲ್ಲಿ ಈ ದಾರಿಗೆ ಪ್ರಯಾಣಿಕರ ಬರ. ಶಿವಮೊಗ್ಗದ ಈಚೆಗೆ ಬ್ರಾಡ್‌ಗೇಜ್, ಆಚೆಗೆ ಮೀಟರ್‌ಗೇಜ್ ಎಂದಾದ ಮೇಲೆ ಬೆಂಗಳೂರಿನಿಂದ ಬಂದವರು ಗಂಟುಮೂಟೆ ಇಳಿಸಿಕೊಂಡು ರೈಲ್‌ಬಸ್ಸನ್ನು ಹುಡುಕಬೇಕಿತ್ತು. ಅಷ್ಟು ಹೊತ್ತಿಗೆ ಬಸ್ಸು ಸಾಗರ ಮುಟ್ಟುತ್ತಿತ್ತು.

2011ರಲ್ಲಿ ತಾಳಗುಪ್ಪದವರೆಗೂ ಬ್ರಾಡ್‌ಗೇಜ್ ಬಂದಿತು. ದಾರಿಯ ಊರುಗಳು ಅವೇ, ಕಾಡು ಅದೇ, ಜನಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಬದಲಾದದ್ದು ಒಂದೇ ಸಂಗತಿ: ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಹತ್ತಿದವರು ಈಗ ಸಾಗರ ಜಂಬಗಾರು ನಿಲ್ದಾಣದಲ್ಲೇ ಇಳಿಯಬಹುದು. ಕುವೆಂಪು ಎಕ್ಸ್‌ಪ್ರೆಸ್ ಹೊರಡುವ ಊರನ್ನು ಇನ್ನು ಯಾರೂ ‘ದಂಡದ ದಾರಿ’ ಎನ್ನುವುದಿಲ್ಲ. ರೈಲ್‌ಬಸ್ಸಿನ ತಲೆ ಎಣಿಕೆಯನ್ನು ನಂಬಿ ಆ ಹಳಿಯನ್ನು ಅಂದೇ ಕಿತ್ತುಹಾಕಿದ್ದರೆ ತಾವು ಇಂದು ಬರ್ತ್ ಸಿಗದೆಂದು ದೂರುವ ಭಾಗ್ಯದಿಂದಲೂ ವಂಚಿತರಾಗುತ್ತಿದ್ದಿರಿ.

ಪ್ರಶ್ನೆ: ದೇವನಹಳ್ಳಿಯ ಹತ್ತಿರ ವಿಮಾನ ನಿಲ್ದಾಣಕ್ಕೆಂದೇ ರೈಲ್ವೆ ಹಾಲ್ಟ್ ಮಾಡಿದರು. ಟಿಕೆಟ್ ಹತ್ತು ಹದಿನೈದು ರೂಪಾಯಿ ಎಂದು ಪ್ರಚಾರವೂ ಆಯಿತು. ಆದರೂ ಅಲ್ಲಿ ಇಳಿಯುವವರನ್ನು ಬೆರಳಿನಲ್ಲಿ ಎಣಿಸಬಹುದು. ಇಲ್ಲಿ ನೇರ ರೈಲೇ ಇತ್ತಲ್ಲ?
— ಐ.ಟಿ. ಉದ್ಯೋಗಿ, ಯಲಹಂಕ

ಉತ್ತರ: ರೈಲು ನೇರ, ಪ್ರಯಾಣ ನೇರವಲ್ಲ. 2021ರ ಜನವರಿ 4ರಂದು ಅಲ್ಲಿ ಗಾಡಿಗಳು ನಿಲ್ಲಲು ಆರಂಭಿಸಿದಾಗ ನಾನೂ ಸಂತೋಷಪಟ್ಟವನೇ. ಆದರೆ ಹಾಲ್ಟಿನಿಂದ ಟರ್ಮಿನಲ್ಲಿಗೆ ಹಲವು ಕಿಲೋಮೀಟರ್ ದೂರವಿದೆ. ಅದಕ್ಕೆ ಮತ್ತೊಂದು ಬಸ್ಸು ಹತ್ತಬೇಕು. ಹಲವು ವಿಮಾನಗಳು ನಸುಕಿನಲ್ಲಿ ಮತ್ತು ತಡರಾತ್ರಿಯಲ್ಲಿ. ಆ ಹೊತ್ತಿಗೆ ಹೊಂದುವ ರೈಲುಗಳು ಕಡಿಮೆ. ದಾರಿಯೂ ಒಂಟಿ ಹಳಿ. ಎದುರು ಗಾಡಿಗೆ ಕ್ರಾಸಿಂಗ್ ಕೊಡಲು ಎಲ್ಲಿಯಾದರೂ ಹತ್ತು ನಿಮಿಷ ನಿಂತರೆ ಸಾಮಾನ್ಯ ಪ್ರಯಾಣಿಕರು ಕಿಟಕಿಯಾಚೆ ನೋಡುತ್ತಾರೆ, ವಿಮಾನ ಹಿಡಿಯಬೇಕಾದವರು ಗಡಿಯಾರ ನೋಡುತ್ತಾರೆ. ಐದಾರು ಸಾವಿರ ಕೊಟ್ಟು ವಿಮಾನದ ಟಿಕೆಟ್ ಕೊಂಡವರು ಬಸ್ಸಿನ ಇನ್ನೂರು ಚಿಲ್ಲರೆ ರೂಪಾಯಿಯನ್ನು ಉಳಿಸಲು ಅದನ್ನು ಪಣಕ್ಕಿಡುವುದಿಲ್ಲ.

ಈ ಗಾಡಿಗಳನ್ನು ಯಾರಿಗಾಗಿ ಓಡಿಸುತ್ತೇವೆ ಎಂಬುದನ್ನೇ ತಪ್ಪಾಗಿ ತಿಳಿದಂತಿದೆ. ವಿಮಾನ ನಿಲ್ದಾಣದಲ್ಲಿ ಕಸ ಗುಡಿಸುವವರು, ಸರಕು ಹೊರುವವರು, ಅಂಗಡಿಗಳಲ್ಲಿ ನಿಲ್ಲುವವರು, ಭದ್ರತಾ ಸಿಬ್ಬಂದಿ, ಇವರೆಲ್ಲ ಪ್ರತಿದಿನವೂ ಹೋಗಿಬರುವವರು, ಹತ್ತು ರೂಪಾಯಿಯ ಬೆಲೆ ತಿಳಿದವರು. ಪಾಳಿ ಬದಲಾಗುವ ಹೊತ್ತಿಗೆ ಗಾಡಿ ಹೊಂದಿಸಿದ್ದರೆ ಸೂಟ್‌ಕೇಸಿನವರು ಬಾರದಿದ್ದರೂ ಟಿಫಿನ್ ಡಬ್ಬಿಯವರು ತುಂಬುತ್ತಿದ್ದರು.

ಪ್ರಶ್ನೆ: ಬಸ್ಸಿನಲ್ಲಿ ಮಹಿಳೆಯರಿಗೆ ಉಚಿತವಾದ ಮೇಲೆ ಪ್ಯಾಸೆಂಜರ್ ರೈಲು ಇನ್ನು ಉಳಿಯುವುದುಂಟೇ? ನಮ್ಮ ಹಾಲ್ಟಿನಲ್ಲಿ ಟಿಕೆಟ್ ಕೊಡುವವರೂ ಇಲ್ಲ. ಕೇಳಿದರೆ ‘ನಿಮ್ಮಲ್ಲಿ ಟಿಕೆಟೇ ಮಾರಾಟವಾಗುವುದಿಲ್ಲ’ ಎನ್ನುತ್ತಾರೆ.
— ಗ್ರಾಮ ಪಂಚಾಯಿತಿ ಮಾಜಿ ಸದಸ್ಯರು, ಮೈಸೂರು ಜಿಲ್ಲೆ

ಉತ್ತರ: 2023ರ ಜೂನ್ 11ರಿಂದ ಜಾರಿಯಾದ ಶಕ್ತಿ ಯೋಜನೆ ಪಟ್ಟಣ–ಪಟ್ಟಣಗಳ ನಡುವಿನ ರೈಲು ಗಿರಾಕಿಗಳನ್ನು ಸೆಳೆದಿರುವುದು ಸಹಜ; ಉಚಿತದೊಡನೆ ಹತ್ತು ರೂಪಾಯಿಯೂ ಪೈಪೋಟಿ ಮಾಡಲಾರದು. ಆದರೆ ಅದಕ್ಕೂ ಮುಂಚಿನ ಪೆಟ್ಟು ದೊಡ್ಡದು. 2020ರ ಮಾರ್ಚಿನಲ್ಲಿ ಕೋವಿಡ್‌ಗಾಗಿ ಪ್ಯಾಸೆಂಜರ್ ಗಾಡಿಗಳೆಲ್ಲ ನಿಂತವು. ಮರಳಿ ಬಂದಾಗ ಅವೇ ಗಾಡಿಗಳಿಗೆ ವಿಶೇಷ ರೈಲು ಎಂಬ ಹೆಸರಿಟ್ಟು, ಕನಿಷ್ಠ ದರವನ್ನು 10ರಿಂದ 30 ರೂಪಾಯಿಗೆ ಏರಿಸಿ, ಹಲವು ಹಾಲ್ಟುಗಳಲ್ಲಿ ನಿಲ್ಲಿಸದೆಯೇ ಓಡಿಸಿದರು. ಹತ್ತು ರೂಪಾಯಿ ಮತ್ತೆ ಬಂದದ್ದು 2024ರ ಆರಂಭದಲ್ಲಿ. ನಾಲ್ಕು ವರ್ಷವೆಂದರೆ ಒಂದು ಹಳ್ಳಿ ತನ್ನ ಓಡಾಟದ ಅಭ್ಯಾಸವನ್ನು ಬದಲಿಸಿಕೊಳ್ಳಲು ಧಾರಾಳ ಸಾಕು. ಅಷ್ಟರಲ್ಲಿ ಮನೆಗೊಂದು ಸ್ಕೂಟರ್ ಬಂದಿರುತ್ತದೆ.

ನಷ್ಟದ ವಾದವನ್ನೂ ಅಲ್ಲಗಳೆಯಲಾಗದು. ಪ್ರಯಾಣದ ಖರ್ಚಿನಲ್ಲಿ ಸರಾಸರಿ ಶೇ. 57ರಷ್ಟನ್ನು ಮಾತ್ರ ವಸೂಲು ಮಾಡುತ್ತೇವೆಂದು ರೈಲ್ವೆಯವರು ಟಿಕೆಟ್ಟಿನ ಮೇಲೆಯೇ ಅಚ್ಚು ಹಾಕಿದ್ದನ್ನು ತಾವು ನೋಡಿರಬಹುದು. ಇಡೀ ದೇಶದ ಸರಾಸರಿಯೇ ಹೀಗಿರುವಾಗ ಖಾಲಿ ಶಟಲ್ಲಿನ ಲೆಕ್ಕ ಇದಕ್ಕಿಂತ ಕೆಳಗಿರಲೇಬೇಕು. ಆದರೆ ಲೆಕ್ಕ ಹಿಡಿಯುವ ವಿಧಾನದಲ್ಲಿ ತೂತಿದೆ, ತಮ್ಮ ಹಾಲ್ಟೇ ಅದಕ್ಕೆ ಸಾಕ್ಷಿ. ಹಾಲ್ಟುಗಳಲ್ಲಿ ಟಿಕೆಟ್ ಮಾರುವವರು ಸಾಮಾನ್ಯವಾಗಿ ರೈಲ್ವೆ ನೌಕರರಲ್ಲ, ಕಮಿಷನ್ ಮೇಲೆ ದುಡಿಯುವ ಏಜೆಂಟರು. ಮಾರಾಟ ಇಳಿದಂತೆ ಕಮಿಷನ್ ಇಳಿಯುತ್ತದೆ, ಏಜೆಂಟರು ಬಿಟ್ಟು ಹೋಗುತ್ತಾರೆ, ಹೊಸಬರು ಮುಂದೆ ಬರುವುದಿಲ್ಲ. ಆಮೇಲೆ ಅಲ್ಲಿ ಹತ್ತಿದವರು ಟಿಕೆಟಿಲ್ಲದೆಯೋ, ಮುಂದಿನ ನಿಲ್ದಾಣದಲ್ಲಿ ಇಳಿದು ಓಡಿ ಟಿಕೆಟ್ ಕೊಂಡೋ ಪ್ರಯಾಣ ಮಾಡುತ್ತಾರೆ; ಆ ಟಿಕೆಟ್ ಮುಂದಿನ ನಿಲ್ದಾಣದ ಲೆಕ್ಕಕ್ಕೆ ಜಮೆಯಾಗುತ್ತದೆ. ತಮ್ಮ ಹಾಲ್ಟಿನ ಕಾಲಂನಲ್ಲಿ ಸೊನ್ನೆ ಉಳಿಯುತ್ತದೆ.

ಅದಕ್ಕೆ ಈಗಲೇ ಮಾಡಬಹುದಾದದ್ದೊಂದಿದೆ. ಮೊಬೈಲ್ ಆ್ಯಪ್‌ನಲ್ಲಿ ಟಿಕೆಟ್ ತೆಗೆಯುವಾಗ ಹತ್ತುವ ನಿಲ್ದಾಣವಾಗಿ ತಮ್ಮ ಹಾಲ್ಟನ್ನೇ ಆರಿಸಿಕೊಳ್ಳಲು ಊರಿನ ಹುಡುಗರಿಗೆ ಹೇಳಿ. ಮನವಿಯನ್ನು ಮೈಸೂರು ವಿಭಾಗದ ರೈಲ್ವೆ ವ್ಯವಸ್ಥಾಪಕರಿಗೂ, ವಿಭಾಗೀಯ ರೈಲ್ವೆ ಬಳಕೆದಾರರ ಸಲಹಾ ಸಮಿತಿಯ ಸದಸ್ಯರಿಗೂ ಕಳುಹಿಸಿ. ಅದರಲ್ಲಿ ‘ನಮ್ಮೂರಿಗೆ ರೈಲು ಬೇಕು’ ಎಂದಷ್ಟೇ ಬರೆದರೆ ಅದು ಕಡತದಲ್ಲಿ ಮಲಗುತ್ತದೆ. ಕಾಲೇಜು ಎಷ್ಟು ಗಂಟೆಗೆ, ಕಾರ್ಖಾನೆಯ ಪಾಳಿ ಎಷ್ಟು ಗಂಟೆಗೆ, ಆಸ್ಪತ್ರೆಯ ಹೊರರೋಗಿ ಚೀಟಿ ಎಷ್ಟು ಗಂಟೆಯವರೆಗೆ ಎಂದು ಬರೆದು, ಈಗಿರುವ ಗಾಡಿಯನ್ನು ಎಷ್ಟು ನಿಮಿಷ ಹಿಂದಕ್ಕೋ ಮುಂದಕ್ಕೋ ಸರಿಸಿದರೆ ಎಷ್ಟು ಮಂದಿ ಪಾಸು ಮಾಡಿಸುತ್ತಾರೆ ಎಂಬುದನ್ನು ಅವರ ಸಹಿಯೊಡನೆ ಲಗತ್ತಿಸಿ.