ಬೀಜ ಸತ್ತಿಲ್ಲ, ಕುಂಡ ಎಸೆಯಬೇಡಿ

ಓರಿಯೆಂಟಲ್ ಲಿಲಿ ಬೀಜ ಹಾಕಿ ಮೂರು ತಿಂಗಳಾಯ್ತು, ಒಂದು ಎಲೆಯೂ ಬಂದಿಲ್ಲ, ಎಸೆದುಬಿಡಲಾ ಅಂತ ಕೇಳಿದ್ದೀರಿ. ಬೇಡ! ಈ ಬೀಜ ಮೊದಲು ಮಣ್ಣಿನೊಳಗೇ ಪುಟ್ಟ ಗೆಡ್ಡೆ ಕಟ್ಟುತ್ತದೆ, ಅದಕ್ಕೆ 20 ಡಿಗ್ರಿ ಆಸುಪಾಸಿನ ಬಿಸುಪಿನಲ್ಲಿ ಸುಮಾರು ಮೂರು ತಿಂಗಳು ಬೇಕು, ಆಮೇಲೆ ಎರಡು-ಮೂರು ತಿಂಗಳು 4 ಡಿಗ್ರಿಯಷ್ಟು ಚಳಿ ಸಿಕ್ಕ ಮೇಲೇ ಎಲೆ ಹೊರಗೆ ಬರುವುದು. ಮೆಲ್ಲಗೆ ಕೆದಕಿ ನೋಡಿ. ಕಾಳಿನಷ್ಟು ಬಿಳಿ ಗೆಡ್ಡೆ ಕಂಡರೆ ಕುಂಡವನ್ನು ಹಾಗೇ ಫ್ರಿಜ್ಜಿನಲ್ಲಿಡಿ. ಹೂವಿಗೆ ಮಾತ್ರ ಇನ್ನೂ ನಾಲ್ಕೈದು ವರ್ಷ ಕಾಯಬೇಕಾದೀತು. ಅಷ್ಟು ತಾಳ್ಮೆ ಇಲ್ವಾ? ರೀಗಲ್ ಲಿಲಿ ಹಾಕಿ, ಘಮ ಏನೂ ಕಮ್ಮಿಯಿಲ್ಲ, ಕೆಲವೇ ವಾರಗಳಲ್ಲಿ ಮೊಳೆತು ಎರಡು-ಮೂರು ವರ್ಷಕ್ಕೆ ಹೂ ಬಿಡುತ್ತದೆ. ಗೆಡ್ಡೆಯನ್ನೇ ತಂದು ನೆಡುವುದಾದರೆ 15 ಸೆಂ.ಮೀ. ಆಳಕ್ಕೆ, ನೀರು ನಿಲ್ಲದ ಜಾಗದಲ್ಲಿ ಹಾಕಿ. ಚಳಿಗಿಂತ ಒದ್ದೆ ಮಣ್ಣಿಗೇ ಅವು ಕೊಳೆಯುವುದು ಜಾಸ್ತಿ.