ಮಳವಳ್ಳಿಯ ಲೇಖಕಿಗೆ: ಆರ್‌ಎನ್‌ಎಗೆ ಎರಡು ಸಾಲು ಸಾಲದು

ನಮಸ್ಕಾರ.

ನಿಮ್ಮ ‘ಡಿಎನ್‌ಎ ಮಹಾರಾಜ’ ಲೇಖನ ಓದಿದೆ. ಜೀವಕೋಶದಲ್ಲಿ ಪ್ರೋಟೀನ್ ಹೇಗೆ ತಯಾರಾಗುತ್ತದೆ ಅಂತ ಹೈಸ್ಕೂಲ್ ಮಕ್ಕಳಿಗೆ ಹೇಳಲು ಹೊರಟಿದ್ದೀರಿ. ಈಗ ಇರುವ ಹಾಗೆ ಇದನ್ನು ಅಚ್ಚು ಮಾಡಲಾರೆ. ಆದರೆ ನೀವು ಮತ್ತೆ ಬರೆಯಲೇಬೇಕು.

ಡಿಎನ್‌ಎ ರಾಜ, ಆರ್‌ಎನ್‌ಎ ಸೇವಕ, ಪ್ರೋಟೀನ್ ಕಟ್ಟುವ ರೈಬೋಸೋಮ್ ಕಾರ್ಖಾನೆ, ಮುಂದಿನ ಪ್ಯಾರಾದಲ್ಲಿ ಅದೇ ಅಡುಗೆಮನೆ. ಓದುವ ಮಗುವಿಗೆ ಅರಮನೆ ನೆನಪಿರುತ್ತದೆ, ಜೀವಕೋಶ ಮರೆತುಹೋಗುತ್ತದೆ. ಈ ಹೋಲಿಕೆಗಳನ್ನೆಲ್ಲ ತೆಗೆದುಬಿಡಿ. ‘64 ಸಂಕೇತ, ಹಾಗಾಗಿ 64 ಅಮೈನೋ ಆಮ್ಲ’ ಅಂತ ಬರೆದಿದ್ದೀರಿ. ಅದು ತಪ್ಪು. ಸಂಕೇತ ಅಂದರೆ ಆರ್‌ಎನ್‌ಎಯ ಮೂರಕ್ಷರದ ಗುಂಪು, ಅಮೈನೋ ಆಮ್ಲ ಅಂದರೆ ಪ್ರೋಟೀನ್ ಸರಪಳಿಯ ಒಂದೊಂದು ಕೊಂಡಿ. ಈ ಸಂಕೇತಗಳು ಸೂಚಿಸುವ ಅಮೈನೋ ಆಮ್ಲ 20. ಅವಕ್ಕೆ 61 ಸಂಕೇತ, ಉಳಿದ 3 ‘ಇಲ್ಲಿಗೆ ನಿಲ್ಲಿಸು’ ಅನ್ನುವಂಥವು. ಹರಗೋಬಿಂದ್ ಖೊರಾನಾ ಅವರಿಗೆ 1968ರಲ್ಲಿ ನೊಬೆಲ್ ಬಂದದ್ದೇ ಈ ಸಂಕೇತ ಬಿಡಿಸಿದ ಕೆಲಸಕ್ಕೆ. ಇಂಥದ್ದರಲ್ಲಿ ತಪ್ಪಬಾರದು.

ನನಗೆ ಜಾಸ್ತಿ ಬೇಸರವಾದದ್ದು ಬೇರೆ ವಿಷಯಕ್ಕೆ. ಅಮೈನೋ ಆಮ್ಲ ಹೊತ್ತು ತರುವ ಟಿಆರ್‌ಎನ್‌ಎ, ರೈಬೋಸೋಮಿನ ಭಾಗವಾದ ಆರ್‌ಆರ್‌ಎನ್‌ಎ, ಎರಡಕ್ಕೂ ಸೇರಿ ಎರಡೇ ಸಾಲು! ಡಿಎನ್‌ಎ ಕೋಶಕೇಂದ್ರದಲ್ಲೇ ಉಳಿಯುತ್ತದೆ, ಹೊರಗೆ ಬರುವುದು ಅದರ ನಕಲಾದ ಎಂಆರ್‌ಎನ್‌ಎ. ಅದರ ಮೇಲೆ ಜಿಜಿಯು ಎಂಬ ಮೂರಕ್ಷರ ಬಂದರೆ ಗ್ಲೈಸಿನ್ ಎಂಬ ಅಮೈನೋ ಆಮ್ಲ ಹೊತ್ತ ಟಿಆರ್‌ಎನ್‌ಎ ಬಂದು ಕೂರುತ್ತದೆ. ಪಕ್ಕಪಕ್ಕದ ಅಮೈನೋ ಆಮ್ಲಗಳನ್ನು ಬೆಸೆಯುವುದು ರೈಬೋಸೋಮಿನ ಪ್ರೋಟೀನುಗಳಲ್ಲ, ಅದರೊಳಗಿನ ಆರ್‌ಆರ್‌ಎನ್‌ಎ. ರೈಬೋಸೋಮಿನ ರಚನೆ ತೋರಿಸಿಕೊಟ್ಟ ವೆಂಕಿ ರಾಮಕೃಷ್ಣನ್ ಮತ್ತು ಇನ್ನಿಬ್ಬರಿಗೆ 2009ರ ನೊಬೆಲ್ ಸಿಕ್ಕಿತು. ಪ್ರೋಟೀನ್ ಕಟ್ಟುವ ಕೈಯೇ ಆರ್‌ಎನ್‌ಎ ಅಂದರೆ ಸುಮ್ನೆ ಮಾತಾ?

ಪತ್ರದ ಕೊನೆಯಲ್ಲಿ ‘ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತೇವೆ’ ಅಂತ ಬರೆದಿದ್ದೀರಿ. ನಿಮ್ಮ ಲೇಖನ ಇರುವುದೇ ಅಲ್ಲಿ. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಹುಳ ಎಷ್ಟು ಹಾಕಿದರೂ ಸೊಪ್ಪು ಖಾಲಿ ಮಾಡುತ್ತದೆ ಅಲ್ವಾ? ಆ ಸೊಪ್ಪಿನ ಪ್ರೋಟೀನ್ ಹೊಟ್ಟೆಯಲ್ಲಿ ಒಡೆದು ಅಮೈನೋ ಆಮ್ಲವಾಗುತ್ತದೆ. ರೇಷ್ಮೆ ಗ್ರಂಥಿಯ ಹಿಂಭಾಗದ ಜೀವಕೋಶಗಳು ಆಗ ಮುಖ್ಯವಾಗಿ ಕಟ್ಟುವುದು ಫೈಬ್ರಾಯಿನ್ ಅನ್ನು, ಅಂದರೆ ನೂಲಿನ ಪ್ರೋಟೀನನ್ನು. ಅದರ ದೊಡ್ಡ ಸರಪಳಿ ಒಂದರಲ್ಲೇ 5000ಕ್ಕೂ ಹೆಚ್ಚು ಅಮೈನೋ ಆಮ್ಲಗಳಿವೆ. ಹತ್ತಿರ ಹತ್ತಿರ ಅರ್ಧ ಗ್ಲೈಸಿನ್, ಆಮೇಲಿನ ಸ್ಥಾನ ಅಲನಿನ್‌ಗೆ. ಅದಕ್ಕೆ ಸರಿಯಾಗಿ ಈ ಎರಡನ್ನು ಹೊರುವ ಟಿಆರ್‌ಎನ್‌ಎಗಳು ಆ ಜೀವಕೋಶಗಳಲ್ಲಿ ಹೆಚ್ಚುತ್ತವೆ! ಹುಳದ ಕರುಳಿನ ಜೀವಕೋಶದಲ್ಲೂ ಫೈಬ್ರಾಯಿನ್ ಜೀನ್ ಇದೆ. ಆದರೆ ಅಲ್ಲಿ ಅದರ ಎಂಆರ್‌ಎನ್‌ಎ ತಯಾರಾಗುವುದಿಲ್ಲ. ಹಾಗಾಗಿ ಕರುಳು ನೂಲು ತೆಗೆಯುವುದಿಲ್ಲ. ಡಿಎನ್‌ಎ ಒಂದಿದ್ದರೆ ಸಾಲದು ಅಂತ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹುಳ ಹಣ್ಣಾಗಿ, ಗೂಡು ಕಟ್ಟಲೆಂದು ಚಂದ್ರಿಕೆ ತಟ್ಟೆಗೆ ಬಿಡುವ ದಿನದಿಂದ ಶುರು ಮಾಡಿ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆಗೆ ಬಂದು, ರೇಷ್ಮೆ ಗ್ರಂಥಿ ನೋಡಬಹುದಾ ಅಂತ ವಿಚಾರಿಸಿ. ಕಣ್ಣಾರೆ ಕಂಡದ್ದನ್ನು ಬರೆಯಿರಿ. 800 ಪದ ಸಾಕು. ಚಿತ್ರ ಒಂದೇ ಇರಲಿ, ಟಿಆರ್‌ಎನ್‌ಎಯದು.