ಬಾಸ್ಟನ್ ಅಲ್ಲ, ಪೀಟರ್‌ಬರೋ

ಅಮೆರಿಕದಲ್ಲಿ ತೆರಿಗೆ ಹಣದಿಂದ ನಡೆದ ಮೊದಲ ಉಚಿತ ಗ್ರಂಥಾಲಯ ಬಾಸ್ಟನ್ನಿನದೇ ಎಂಬ ಮಾತನ್ನು ಕೇಳಿರಬಹುದು. ಅಲ್ಲ. ಆ ಹಿರಿಮೆ ಸಾಮಾನ್ಯವಾಗಿ ಸಲ್ಲುವುದು ನ್ಯೂ ಹ್ಯಾಂಪ್‌ಶೈರ್‌ನ ಪೀಟರ್‌ಬರೋ ಎಂಬ ಪುಟ್ಟ ಊರಿಗೆ. ಪಾದ್ರಿ ಏಬಿಯಲ್ ಅಬಟ್ ಅವರ ಒತ್ತಾಸೆಯಿಂದ 1833ರ ಏಪ್ರಿಲ್‌ನಲ್ಲಿ ಊರಸಭೆಯೇ ಅದನ್ನು ತೀರ್ಮಾನಿಸಿತು.

ಹಣ ಬಂದ ದಾರಿ ಸ್ವಾರಸ್ಯಕರ. ವಿಶ್ವವಿದ್ಯಾಲಯ ಕಟ್ಟಲೆಂದು ರಾಜ್ಯವು ಬ್ಯಾಂಕುಗಳ ಬಂಡವಾಳದ ಮೇಲೆ ತೆರಿಗೆ ಹಾಕಿತ್ತು; ಆ ಯೋಜನೆ ಬಿದ್ದುಹೋದ ಮೇಲೆ ಹಣವನ್ನು ಶಿಕ್ಷಣಕ್ಕೆಂದು ಊರುಗಳಿಗೆ ಹಂಚಿತು. ಪೀಟರ್‌ಬರೋ ಜಾಣತನದಿಂದ ಅದರಲ್ಲೊಂದು ಪಾಲನ್ನು ಪುಸ್ತಕಗಳಿಗೆ ಎತ್ತಿಟ್ಟಿತು. ಕಟ್ಟಡಕ್ಕಾಗಿ ಕಾಯಲಿಲ್ಲ, ಅಂಚೆ ಕಚೇರಿಯೂ ಇದ್ದ ಅಂಗಡಿಯಲ್ಲೇ ಪುಸ್ತಕ ಜೋಡಿಸಿದರು. ಸ್ವಂತ ಕಟ್ಟಡ ಬಂದದ್ದು 1893ರಲ್ಲಿ.

ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ಅವರ 1731ರ ಗ್ರಂಥಾಲಯವನ್ನು ಈ ಲೆಕ್ಕಕ್ಕೆ ತರಬೇಡಿ, ಅದು ತೆರಿಗೆಯದ್ದಲ್ಲ, ಹಣ ಕಟ್ಟಿದ ಚಂದಾದಾರರದ್ದು.